ಬೆಳಿಗ್ಗೆ ಓದಿದ ಮಾತು ರಾತ್ರಿಯ ತನಕ: ದಿನದ ವಾಚನವನ್ನು ಧ್ಯಾನಿಸುವುದು, ಬದುಕುವುದು ಹೇಗೆ

ಪಾಪನಿವೇದನೆ ಮುಗಿಯುವ ಹೊತ್ತಿಗೆ ಗುರುಗಳು ಒಂದು ಸರಳ ಪ್ರಶ್ನೆ ಕೇಳಿದರು. "ದಿನಾ ಬೈಬಲ್ ಓದ್ತೀರಾ?" ಓದ್ತೀನಿ ಫಾದರ್, ಒಂದು ದಿನವೂ ತಪ್ಪಿಸಲ್ಲ ಅಂದೆ. ಹೆಮ್ಮೆಯಿಂದಲೇ ಅಂದೆ. "ಒಳ್ಳೇದು. ಇವತ್ತು ಬೆಳಿಗ್ಗೆ ಏನು ಓದಿದ್ರಿ?" ಆಗ ಸಂಜೆ ಐದೂವರೆ. ಎಷ್ಟು ತಡಕಾಡಿದರೂ ಒಂದು ಪದವೂ ನೆನಪಿಗೆ ಬರಲಿಲ್ಲ. ಅವರು ಬೈಯಲಿಲ್ಲ. "ನಾಳೆಯಿಂದ ಕಮ್ಮಿ ಓದಿ. ಆದ್ರೆ ಓದಿದ್ದನ್ನು ರಾತ್ರಿವರೆಗೆ ಇಟ್ಕೊಳ್ಳಿ" ಅಂದರು. ಅದೇ ಆ ದಿನ ನನಗೆ ಸಿಕ್ಕ ಪ್ರಾಯಶ್ಚಿತ್ತ.

ನಾನು ಇಲ್ಲಿ ಬರೆಯುತ್ತಿರುವುದೆಲ್ಲ ಆ ಪ್ರಾಯಶ್ಚಿತ್ತವನ್ನು ಮಾಡುತ್ತಾ ಮಾಡುತ್ತಾ ಕಲಿತದ್ದು. ನಾನು ಗುರುವೂ ಅಲ್ಲ, ಸಿಸ್ಟರೂ ಅಲ್ಲ. ಕೆಲಸಕ್ಕೆ ಹೋಗಿ ಬರುವ, ಮನೆ ನೋಡಿಕೊಳ್ಳುವ ಸಾಮಾನ್ಯ ಕಥೋಲಿಕ ವಿಶ್ವಾಸಿ. ನಿಮ್ಮ ಬಳಿಯೂ ಓದಿಗೆ ದಿನಕ್ಕೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಇಲ್ಲ ಅಂತ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಏನು ಓದಬೇಕು

ನಮ್ಮ ಕಥೋಲಿಕ ಬೈಬಲ್ಲಿನಲ್ಲಿ 73 ಗ್ರಂಥಗಳಿವೆ. ಹಳೆಯ ಒಡಂಬಡಿಕೆಯಲ್ಲಿ 46, ಹೊಸದರಲ್ಲಿ 27. ಮೊದಲ ಪುಟದಿಂದ ಶುರು ಮಾಡಿದವರು ಸಾಮಾನ್ಯವಾಗಿ ಮೂರನೇ ಗ್ರಂಥವಾದ ಯಾಜಕಕಾಂಡದ ಹೊತ್ತಿಗೆ ಕೈಬಿಡುತ್ತಾರೆ. ಇನ್ನು ಕೆಲವರು ಕಣ್ಣು ಮುಚ್ಚಿ ಯಾವುದೋ ಪುಟ ತೆರೆದು, ಬೆರಳಿಟ್ಟ ವಾಕ್ಯವೇ ದೇವರು ಇವತ್ತು ನನಗೆ ಹೇಳಿದ್ದು ಅಂತ ತೆಗೆದುಕೊಳ್ಳುತ್ತಾರೆ. ಅದು ಬೇಡ. ಹಾಗೆ ಮಾಡುತ್ತಾ ಹೋದರೆ ವಾಕ್ಯ ಕೇಳುವ ಬದಲು ಶಕುನ ನೋಡುವ ಅಭ್ಯಾಸ ಬೆಳೆಯುತ್ತದೆ.

ನಮಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ. ಆ ದಿನದ ಬಲಿಪೂಜೆಯಲ್ಲಿ ಯಾವ ವಾಚನಗಳಿವೆಯೋ ಅವನ್ನೇ ಓದುವುದು. ಜಗತ್ತಿನ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ, ಧರ್ಮಸಭೆ ಈಗಿನ ವಾಚನಗಳ ಕ್ರಮವನ್ನು ಕೊಟ್ಟಿತು. ವಿಶ್ವಾಸಿಗಳಿಗೆ ಪವಿತ್ರ ಗ್ರಂಥ ಹೆಚ್ಚು ಧಾರಾಳವಾಗಿ ಸಿಗಲಿ ಎಂಬುದೇ ಅದರ ಆಸೆ. ನೀವು ಮನೆಯ ಮೂಲೆಯಲ್ಲಿ ಒಬ್ಬರೇ ಕೂತು ಓದುವ ಭಾಗವನ್ನೇ ಅದೇ ದಿನ ಯಾವುದೋ ದೂರದ ದೇಶದ ಆಸ್ಪತ್ರೆಯ ಪ್ರಾರ್ಥನಾಲಯದಲ್ಲೂ ಓದುತ್ತಿರುತ್ತಾರೆ. ನನಗಂತೂ ಈ ಯೋಚನೆಯೇ ಎಷ್ಟೋ ಸಲ ಎಬ್ಬಿಸಿ ಕೂರಿಸಿದೆ.

ಈ ಕ್ರಮದ ಲೆಕ್ಕ ಕಷ್ಟವೇನಲ್ಲ. ಭಾನುವಾರಗಳದ್ದು ಮೂರು ವರ್ಷಗಳ ಸುತ್ತು. ಎ ವರ್ಷದಲ್ಲಿ ಮತ್ತಾಯರ ಶುಭಸಂದೇಶ, ಬಿ ವರ್ಷದಲ್ಲಿ ಮಾರ್ಕ, ಸಿ ವರ್ಷದಲ್ಲಿ ಲೂಕ. ಯೊವಾನ್ನರ ಶುಭಸಂದೇಶ ಮುಖ್ಯವಾಗಿ ಪಾಸ್ಖ (ಈಸ್ಟರ್) ಕಾಲದಲ್ಲಿ ಬರುತ್ತದೆ. ಇಸವಿಯನ್ನು ಮೂರರಿಂದ ಭಾಗಿಸಿದಾಗ ಏನೂ ಉಳಿಯದಿದ್ದರೆ ಅದು ಸಿ ವರ್ಷ. 2025 ಹಾಗೆ ಸಿ ಆಗಿತ್ತು, 2026 ಎ. ಒಂದು ಮಾತು ನೆನಪಿರಲಿ: ಧರ್ಮಸಭೆಯ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ, ಅದರ ಹಿಂದಿನ ಆಗಮನ ಕಾಲದ, ಅಂದರೆ ಕ್ರಿಸ್ಮಸ್ಸಿಗೆ ಸಿದ್ಧವಾಗುವ ವಾರಗಳ, ಮೊದಲ ಭಾನುವಾರ ಶುರುವಾಗುತ್ತದೆ. ವಾರದ ದಿನಗಳಲ್ಲಿ ಶುಭಸಂದೇಶ ಪ್ರತಿವರ್ಷವೂ ಅದೇ. ಹಬ್ಬಗಳ ವಿಶೇಷ ಕಾಲಗಳನ್ನು ಬಿಟ್ಟು ಉಳಿದ ವಾರಗಳಾದ ಸಾಧಾರಣ ಕಾಲದಲ್ಲಿ ಮಾತ್ರ, ಶುಭಸಂದೇಶಕ್ಕೆ ಮುಂಚೆ ಓದುವ ಮೊದಲ ವಾಚನ ಬೆಸ ಇಸವಿಗೊಂದು, ಸರಿ ಇಸವಿಗೊಂದು ಅಂತ ಬದಲಾಗುತ್ತದೆ. ಅದೇ ಸಾಧಾರಣ ಕಾಲದ ವಾರದ ದಿನಗಳಲ್ಲಿ ಮೊದಲ ಒಂಬತ್ತು ವಾರ ಮಾರ್ಕ, ಹತ್ತರಿಂದ ಇಪ್ಪತ್ತೊಂದರವರೆಗೆ ಮತ್ತಾಯ, ಆಮೇಲೆ ಮೂವತ್ತನಾಲ್ಕನೇ ವಾರದ ತನಕ ಲೂಕ. ಅಂದರೆ ನಿನ್ನೆಯ ಕಥೆಯ ಮುಂದುವರಿಕೆ ಇವತ್ತು ಸಿಗುತ್ತದೆ. ಇಷ್ಟೆಲ್ಲ ಲೆಕ್ಕ ಬೇಡ ಅನ್ನಿಸಿದರೆ ಧರ್ಮಕೇಂದ್ರದ (ನಿಮ್ಮ ಚರ್ಚಿನ) ಕ್ಯಾಲೆಂಡರ್ ನೋಡಿ, ಸಾಕು. ಅಧ್ಯಾಯ, ವಚನ ಎಲ್ಲ ಅದರಲ್ಲೇ ಇರುತ್ತದೆ.

ಹೊಸದಾಗಿ ಶುರು ಮಾಡುವವರು ಶುಭಸಂದೇಶ ಒಂದನ್ನೇ ಓದಿ. ಎರಡು ಮೂರು ತಿಂಗಳಾದ ಮೇಲೆ ಕೀರ್ತನೆ ಸೇರಿಸಿಕೊಳ್ಳಿ, ಆಮೇಲೆ ಮೊದಲ ವಾಚನ. ಕಮ್ಮಿ ಓದಿ ಅಂದ ಆ ಗುರುಗಳ ಮಾತನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಜಾಗ, ಹೊತ್ತು, ಫೋನು

ಒಂದೇ ಜಾಗ, ಒಂದೇ ಹೊತ್ತು. ಬೆಳಿಗ್ಗೆ ಆದರೆ ಒಳ್ಳೆಯದು, ಯಾಕೆಂದರೆ ಓದಿದ್ದನ್ನು ಹೊತ್ತುಕೊಂಡು ಹೋಗಲು ಇಡೀ ದಿನ ಮುಂದಿರುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ, ರಾತ್ರಿ ಪಾಳಿಯ ಕೆಲಸದವರಿಗೆ ಅದು ಆಗದ ಮಾತು. ಅವರು ಹಿಂದಿನ ರಾತ್ರಿ ಓದಿ ಮಲಗಲಿ, ಅಥವಾ ಬಸ್ಸಿನಲ್ಲಿ ಓದಲಿ. ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಪ್ರಾರ್ಥಿಸು ಅಂತ ಯೇಸು ಹೇಳಿದ್ದಾರಲ್ಲ, ಆ ಬಾಗಿಲು ಮರದ್ದೇ ಆಗಬೇಕಿಲ್ಲ.

ಅಚ್ಚಿನ ಬೈಬಲ್ ಇಟ್ಟುಕೊಳ್ಳಿ ಅಂತ ಮಾತ್ರ ಒತ್ತಿ ಹೇಳುತ್ತೇನೆ. ಫೋನಿನಲ್ಲಿ ಓದಲೇಬೇಕಾದರೆ ಇಂಟರ್ನೆಟ್ ಆಫ್ ಮಾಡಿ ಓದಿ. ವಾಚನದ ನಡುವೆ ಮೇಲಿಂದ ಒಂದು ಮೆಸೇಜ್ ಇಳಿದು ಬಂದರೆ ಮುಗಿಯಿತು, ಕಣ್ಣು ಶುಭಸಂದೇಶದ ಮೇಲಿದ್ದರೂ ಮನಸ್ಸು ಆ ಮೆಸೇಜಿನಲ್ಲಿರುತ್ತದೆ.

ಶುರು ಮಾಡುವಾಗ ಶಿಲುಬೆಯ ಗುರುತು ಹಾಕಿಕೊಳ್ಳಿ, ನಿಧಾನವಾಗಿ. ಒಂದು ನಿಮಿಷ ಸುಮ್ನೆ ಕೂತುಕೊಳ್ಳಿ. ಆಮೇಲೆ ಪವಿತ್ರಾತ್ಮರನ್ನು ಕರೆಯಿರಿ. ದೊಡ್ಡ ಪ್ರಾರ್ಥನೆ ಬೇಕಾಗಿಲ್ಲ. ಬಾಲಕ ಸಮುವೇಲನಿಗೆ ಯಾಜಕ ಏಲಿ ಕಲಿಸಿಕೊಟ್ಟದ್ದೂ ಒಂದೇ ಸಾಲು: ಮಾತಾಡಿ ಪ್ರಭು, ನಿಮ್ಮ ದಾಸ ಕೇಳುತ್ತಿದ್ದಾನೆ. ಆ ಹುಡುಗ ಅದಕ್ಕೆ ಮುಂಚೆ ಮೂರು ಸಲ ದೇವರ ದನಿಯನ್ನು ಏಲಿಯ ದನಿ ಅಂದುಕೊಂಡು ಎದ್ದು ಓಡಿದ್ದ. ನಮಗೂ ಗುರುತು ಸಿಗಲು ಹೊತ್ತು ಬೇಕು.

ಮೊದಲು ಕಥೆ, ಆಮೇಲೆ ನಾನು

ಪವಿತ್ರ ಗ್ರಂಥವನ್ನು ಪ್ರಾರ್ಥನೆಯಾಗಿ ಓದುವ ಕ್ರಮಕ್ಕೆ ಲೆಕ್ಸಿಯೊ ದಿವಿನಾ ಅಂತ ಹಳೆಯ ಹೆಸರಿದೆ. ಹನ್ನೆರಡನೇ ಶತಮಾನದಲ್ಲಿ ಗುಯಿಗೋ ಎಂಬ ಕಾರ್ತೂಸಿಯನ್ ಸನ್ಯಾಸಿ ಅದನ್ನು ನಾಲ್ಕು ಮೆಟ್ಟಿಲ ಏಣಿ ಅಂತ ವಿವರಿಸಿದರು: ಓದು, ಮನನ, ಪ್ರಾರ್ಥನೆ, ಮೌನವಾಗಿ ದೇವರ ಮುಂದೆ ಇರುವುದು. ಅವರ ಹೋಲಿಕೆ ಇನ್ನೂ ಚೆನ್ನಾಗಿದೆ. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆ ರುಚಿಯನ್ನು ಹೊರತೆಗೆಯುತ್ತದೆ, ಕೊನೆಯದು ಆ ಸವಿಯೇ. ನಮ್ಮಲ್ಲಿ ಹೆಚ್ಚಿನವರು ಮೊದಲ ಮೆಟ್ಟಿಲನ್ನೇ ಸರಿಯಾಗಿ ಹತ್ತುವುದಿಲ್ಲ. ಅಲ್ಲಿ ಏನು ಬರೆದಿದೆ ಅಂತ ನೋಡುವ ಮುಂಚೆಯೇ ನನಗೇನು ಹೇಳುತ್ತಿದೆ ಅಂತ ಹುಡುಕಲು ಶುರು ಮಾಡುತ್ತೇವೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಾರ್ಕ 10ನೇ ಅಧ್ಯಾಯ, 46ರಿಂದ 52ರವರೆಗೆ. ಕುರುಡ ಬಾರ್ತಿಮಾಯನ ಕಥೆ. ಸಾಧಾರಣ ಕಾಲದ ಎಂಟನೇ ವಾರದ ಗುರುವಾರ ಇದನ್ನು ಓದುತ್ತಾರೆ. ಬಿ ವರ್ಷದಲ್ಲಿ ಮೂವತ್ತನೇ ಭಾನುವಾರವೂ ಇದೇ.

ಮೊದಲ ಸಲ ಮನಸ್ಸಿನಲ್ಲೇ ಓದಿ. ಎರಡನೇ ಸಲ ಬಾಯಿಬಿಟ್ಟು ಓದಿ. ಇದು ಮುಖ್ಯ. ಕಣ್ಣು ಹಾರಿಸಿಬಿಡುವ ಪದವನ್ನು ನಾಲಿಗೆ ಹಾರಿಸುವುದಿಲ್ಲ. ಈಗ ಬೈಬಲ್ ಮುಚ್ಚದೆ ನಿಮ್ಮನ್ನೇ ಕೇಳಿಕೊಳ್ಳಿ: ಯಾರು ಯಾರು ಇದ್ದಾರೆ? ಯಾರು ಏನು ಮಾಡಿದರು? ಯಾವ ಕ್ರಮದಲ್ಲಿ?

ಬಾರ್ತಿಮಾಯ ದಾರಿಯ ಪಕ್ಕದಲ್ಲಿ ಕೂತಿದ್ದಾನೆ. ಯೇಸು ಬಂದಿದ್ದಾರೆ ಅಂತ ಗೊತ್ತಾಗಿ ಕೂಗುತ್ತಾನೆ. ಜನ ಗದರಿಸಿ ಸುಮ್ಮನಿರು ಅನ್ನುತ್ತಾರೆ. ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಆಗ ಯೇಸು ನಿಂತುಬಿಡುತ್ತಾರೆ. ಇಲ್ಲಿ ನೋಡಿ, ಅವರು ತಾವೇ ಅವನ ಹತ್ತಿರ ಹೋಗುವುದಿಲ್ಲ. ಅವನನ್ನು ಕರೆಯಿರಿ ಅಂತ ಜನರಿಗೆ ಹೇಳುತ್ತಾರೆ. ಈಗ ತಾನೇ ಬಾಯಿ ಮುಚ್ಚಿಸಲು ಹೋದ ಗುಂಪೇ, ಧೈರ್ಯವಾಗಿರು, ಏಳು, ನಿನ್ನನ್ನು ಕರೆಯುತ್ತಿದ್ದಾರೆ ಅನ್ನಬೇಕಾಗುತ್ತದೆ. ಅವನೊಬ್ಬನಿಗೆ ಮಾತ್ರ ಅಲ್ಲ, ಆ ಗುಂಪಿಗೂ ಅಲ್ಲಿ ಏನೋ ಆಯಿತು, ಅಲ್ವಾ? ಅವನು ಹೊದಿಕೆ ಎಸೆದು ಜಿಗಿದೇಳುತ್ತಾನೆ. ಭಿಕ್ಷೆ ಬೇಡಿ ಬದುಕುವವನ ಹತ್ತಿರ ಬೇರೆ ಏನಿತ್ತು? ಅದನ್ನೇ ಬಿಟ್ಟು ಬಂದ. ಅವನಿಗೆ ಇನ್ನೂ ಕಣ್ಣು ಕಂಡಿಲ್ಲ, ನೆನಪಿರಲಿ. ಹೊದಿಕೆ ಎಲ್ಲಿ ಬಿತ್ತು ಅಂತಲೂ ಅವನಿಗೆ ಕಾಣುತ್ತಿರಲಿಲ್ಲ.

ಆಮೇಲೆ ಯೇಸುವಿನ ಪ್ರಶ್ನೆ: ನಾನು ನಿನಗೆ ಏನು ಮಾಡಬೇಕು ಅಂತ ಬಯಸುತ್ತೀ? ಇಲ್ಲಿ ನಿಲ್ಲಿ. ಈಗ ಸ್ವಲ್ಪ ಹಿಂದೆ ಹೋಗಿ ಅದೇ ಅಧ್ಯಾಯದ 36ನೇ ವಚನ ಓದಿ. ಯಕೋಬ, ಯೊವಾನ್ನ ಇಬ್ಬರೂ ಯೇಸುವಿನ ಬಳಿ ಬಂದಾಗ ಯೇಸು ಕೇಳಿದ್ದು ಹೆಚ್ಚು ಕಮ್ಮಿ ಇದೇ ಪ್ರಶ್ನೆ. ಅವರು ಏನು ಕೇಳಿದರು? ನಿಮ್ಮ ಮಹಿಮೆಯಲ್ಲಿ ಒಬ್ಬರಿಗೆ ಬಲಗಡೆ, ಒಬ್ಬರಿಗೆ ಎಡಗಡೆ ಜಾಗ ಕೊಡಿ ಅಂತ. ಜೊತೆಗೇ ಓಡಾಡಿದ ಶಿಷ್ಯರು ಸ್ಥಾನ ಕೇಳಿದರು. ರಸ್ತೆ ಬದಿಯ ಕುರುಡ ಕಣ್ಣು ಕೇಳಿದ. ಕಣ್ಣು ಬಂದ ಮೇಲೆ ಆ ದಾರಿಯಲ್ಲೇ ಯೇಸುವಿನ ಹಿಂದೆ ನಡೆದ. ಆ ದಾರಿ ಜೆರುಸಲೇಮಿಗೆ ಹೋಗುತ್ತಿತ್ತು, ಶಿಲುಬೆಯ ಕಡೆಗೆ.

ನಾನು ಈ ಎರಡು ಪ್ರಶ್ನೆಗಳನ್ನು ಮೊದಲ ಸಲ ಪಕ್ಕಪಕ್ಕ ಇಟ್ಟು ನೋಡಿದಾಗ ಬಹಳ ಹೊತ್ತು ಕೂತೇ ಇದ್ದೆ. ಎಷ್ಟೋ ಸಲ ಕೇಳಿದ ಕಥೆ ಅದು. ಆದ್ದರಿಂದಲೇ ಹೇಳುತ್ತೇನೆ, ವಾಚನದ ಹಿಂದಿನ ಹತ್ತು ವಚನ, ಮುಂದಿನ ಹತ್ತು ವಚನ ಒಮ್ಮೆ ಕಣ್ಣಾಡಿಸಿ. ಪುಟದ ಅಡಿಯಲ್ಲಿರುವ ಟಿಪ್ಪಣಿಯನ್ನೂ ಬಿಡಬೇಡಿ.

ಒಂದು ಮಾತು ಹಿಡಿಯಿರಿ

ಈಗ ಮೂರನೇ ಸಲ ಓದಿ. ಈ ಸಲ ನಿಧಾನ. ಯಾವುದಾದರೂ ಒಂದು ಪದ ಅಥವಾ ಸಾಲು ನಿಮ್ಮನ್ನು ತಡೆದು ನಿಲ್ಲಿಸುತ್ತದೆ. ಅದು ಸುಂದರವಾದ ಸಾಲೇ ಆಗಬೇಕಿಲ್ಲ. ಚುಚ್ಚುವ ಸಾಲಾಗಬಹುದು, ಅರ್ಥವಾಗದ ಸಾಲಾಗಬಹುದು. ಅದನ್ನೇ ಹಿಡಿಯಿರಿ. ಮರಿಯಮ್ಮನವರ ಬಗ್ಗೆ ಲೂಕ ಎರಡು ಸಲ ಹೇಳುತ್ತಾರೆ, ಅವರು ಇದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡರು ಅಂತ. ಎರಡನೇ ಸಲ ಹಾಗೆ ಹೇಳುವುದು ಬಾಲ ಯೇಸು ದೇವಾಲಯದಲ್ಲಿ ಸಿಕ್ಕ ಮೇಲೆ. ಮಗ ಹೇಳಿದ ಮಾತು ತಾಯಿ ತಂದೆಗೆ ಅರ್ಥವಾಗಲಿಲ್ಲ ಅಂತ ಅದರ ಹಿಂದಿನ ವಚನದಲ್ಲೇ ಬರೆದಿದೆ. ಅರ್ಥವಾಗದ್ದನ್ನೂ ಇಟ್ಟುಕೊಳ್ಳಬಹುದು.

ಕೆಲವರಿಗೆ ಪದಕ್ಕಿಂತ ಚಿತ್ರ ಸುಲಭ. ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸರು ಕಲಿಸಿದ್ದು ಅದನ್ನೇ: ಆ ದೃಶ್ಯದ ಒಳಗೆ ಹೋಗಿ ನಿಂತುಕೊಳ್ಳಿ. ಜೆರಿಕೊ ರಸ್ತೆಯ ಧೂಳು, ಜನರ ಗಲಾಟೆ, ಕೂಗಿ ಕೂಗಿ ಒಡೆದ ದನಿ. ನೀವು ಎಲ್ಲಿ ನಿಂತಿದ್ದೀರಿ? ನನ್ನನ್ನು ಕೇಳಿದರೆ, ಎಷ್ಟೋ ದಿನ ನಾನು ಆ ಗದರಿಸುವ ಗುಂಪಿನಲ್ಲೇ ನಿಂತಿರುತ್ತೇನೆ.

ಇಲ್ಲೊಂದು ಎಚ್ಚರಿಕೆ. ವಾಚನ ಓದುವಾಗ ಇದು ನಮ್ಮ ಅತ್ತೆಗೆ ಸರಿಯಾಗಿ ಹೊಂದುತ್ತದೆ, ಇದನ್ನು ಆಫೀಸಿನ ಅವರು ಕೇಳಬೇಕಿತ್ತು ಅನ್ನಿಸಿದರೆ, ಆ ಸಾಲನ್ನು ಮತ್ತೆ ನಿಮ್ಮ ಕಡೆಗೇ ತಿರುಗಿಸಿ. ಹಾಗೇ ಓದಿದ ತಕ್ಷಣ ವಾಟ್ಸಾಪ್ ಸ್ಟೇಟಸ್‌ಗೆ ಹಾಕುವ ಆಸೆಯನ್ನೂ ತಡೆಯಿರಿ. ಬೇರೆಯವರಿಗೆ ಹಂಚುವುದು ತಪ್ಪಲ್ಲ. ಆದರೆ ಹಂಚಿದ ಮೇಲೆ ಮನಸ್ಸು ನನ್ನ ಕೆಲಸ ಮುಗಿಯಿತು ಅಂದುಕೊಂಡುಬಿಡುತ್ತದೆ. ಸಂಜೆ ಹಂಚಿ.

ಆಮೇಲೆ ಮಾತಾಡಿ. ಇದೇ ಪ್ರಾರ್ಥನೆ. ಗೆಳೆಯನೊಬ್ಬ ಗೆಳೆಯನ ಜೊತೆ ಮಾತಾಡುವ ಹಾಗೆ ಮಾತಾಡಿ ಅನ್ನುತ್ತಾರೆ ಇಗ್ನೇಷಿಯಸರು. ಪುಸ್ತಕದ ಭಾಷೆ ಬೇಡ. "ಸ್ವಾಮಿ, ನಾನು ಏನು ಬಯಸುತ್ತೀನಿ ಅಂತ ನನಗೇ ಗೊತ್ತಿಲ್ಲ" ಅಂದರೂ ಅದು ಪ್ರಾರ್ಥನೆಯೇ. ಸಿಟ್ಟಿದ್ದರೆ ಸಿಟ್ಟನ್ನೂ ಹೇಳಿ. ಕೀರ್ತನೆಗಳನ್ನು ಬರೆದವರು ಹೇಳಿದ್ದಾರೆ. ಕೊನೆಗೆ ಎರಡು ಮೂರು ನಿಮಿಷ ಏನೂ ಹೇಳದೆ ಇರಿ. ಮನಸ್ಸು ಓಡುತ್ತದೆ. ಹಿಡಿದಿದ್ದ ಆ ಒಂದು ಮಾತಿಗೆ ವಾಪಸ್ ಕರೆತನ್ನಿ. ಇಪ್ಪತ್ತು ಸಲ ಓಡಿದರೆ ಇಪ್ಪತ್ತು ಸಲ ಕರೆತನ್ನಿ.

ಹೆಸರು, ಗಂಟೆ ಇರುವ ಒಂದು ಕೆಲಸ

ವಾಕ್ಯವನ್ನು ಕೇಳಿ ಅದರಂತೆ ನಡೆಯದವನು ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೋಗಿ ಆ ಮುಖ ಹೇಗಿತ್ತು ಅಂತ ತಕ್ಷಣ ಮರೆಯುವವನ ಹಾಗೆ ಅಂತ ಯಕೋಬರ ಪತ್ರದ ಮೊದಲ ಅಧ್ಯಾಯ ಹೇಳುತ್ತದೆ. ಪಾಪನಿವೇದನೆಯ ಆ ಸಂಜೆ ನನ್ನ ಸ್ಥಿತಿ ಅದೇ ಆಗಿತ್ತು. ಧ್ಯಾನವನ್ನು ಬದುಕಿಗೆ ಕಟ್ಟುವ ಗಂಟು ಇಲ್ಲೇ ಇದೆ, ಹೆಚ್ಚಿನವರ ಗಂಟು ಸಡಿಲವಾಗುವುದೂ ಇಲ್ಲೇ.

"ಇವತ್ತು ತಾಳ್ಮೆಯಿಂದ ಇರುತ್ತೇನೆ" ಅಂತ ನಿರ್ಧಾರ ಮಾಡಬೇಡಿ. ಅದು ನಿಲ್ಲುವುದಿಲ್ಲ. ಯಾರ ಜೊತೆ, ಯಾವಾಗ, ಏನು ಅಂತ ಹೇಳಿಕೊಳ್ಳಿ. "ಸಂಜೆ ಮಗಳು ಸ್ಕೂಲಿನ ಕಥೆ ಹೇಳುವಾಗ ಫೋನ್ ಕೆಳಗಿಟ್ಟು ಅವಳ ಮುಖ ನೋಡುತ್ತೇನೆ." "ಮಧ್ಯಾಹ್ನದ ಮೀಟಿಂಗಿನಲ್ಲಿ ಅವರ ಮಾತನ್ನು ನಡುವೆ ಕತ್ತರಿಸುವುದಿಲ್ಲ." "ಗೇಟಿನ ಹತ್ತಿರ ದಿನಾ ಕಾಣುವ ಕಾವಲುಗಾರರ ಹೆಸರು ಕೇಳುತ್ತೇನೆ." ಬಾರ್ತಿಮಾಯನ ವಾಚನದ ದಿನ ನೀವು ಆ ಗುಂಪಿನಲ್ಲಿ ನಿಂತಿದ್ದರೆ, ಇತ್ತೀಚೆಗೆ ನೀವು ಬಾಯಿ ಮುಚ್ಚಿಸಿದ ಒಬ್ಬರನ್ನು ಕರೆದು "ಅವತ್ತು ಏನೋ ಹೇಳ್ತಾ ಇದ್ರಲ್ಲ, ಹೇಳಿ" ಅನ್ನಬಹುದು.

ಕೆಲಸ ಚಿಕ್ಕದಿರಲಿ. ಒಂದೇ ಇರಲಿ. ಇನ್ನೊಬ್ಬರನ್ನು ಸರಿ ಮಾಡುವ ಕೆಲಸ ಆಗಿರದಿರಲಿ.

ಕೆಲವು ದಿನ ಆ ಕೆಲಸ ಚಿಕ್ಕದಾಗಿ ಉಳಿಯುವುದಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ವಾರದ ಶುಕ್ರವಾರ ಮತ್ತಾಯ 5ನೇ ಅಧ್ಯಾಯ ಓದುತ್ತೇವೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸೋದರನ ಜೊತೆ ರಾಜಿಯಾಗು ಅಂತ ಅಲ್ಲಿದೆ. ನನ್ನ ಮನಸ್ಸಿಗೆ ಯಾವಾಗಲೂ ಒಂದು ಸಮಾಧಾನ ಇತ್ತು: ಅಣ್ಣನ ಮೇಲೆ ನನಗೇನೂ ಸಿಟ್ಟಿಲ್ಲ, ಸಿಟ್ಟಿರುವುದು ಅವನಿಗೆ. ಆ ಬೆಳಿಗ್ಗೆ ಬಾಯಿಬಿಟ್ಟು ಓದಿದಾಗ ಕೇಳಿಸಿತು. ನಿನಗೆ ಸಿಟ್ಟಿದ್ದರೆ ಅಂತ ಅಲ್ಲಿಲ್ಲ. ನಿನ್ನ ಸೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಅಂತ ನೆನಪಾದರೆ, ಅಂತ ಇದೆ. ನಾವು ಎರಡು ವರ್ಷದಿಂದ ಮಾತಾಡಿರಲಿಲ್ಲ. ನೋಟ್‌ಬುಕ್ಕಿನಲ್ಲಿ "ಅಣ್ಣ, ರಾತ್ರಿ 8" ಅಂತ ಬರೆದೆ. ಇಡೀ ದಿನ ಆ ಸಾಲು ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಎಂಟು ಗಂಟೆಗೆ ಫೋನ್ ಮಾಡಿದೆ. ಮೂರು ಸಲ ರಿಂಗಾಯಿತು. "ಹೇಳು" ಅಂದ. ಹೇಳಲು ನನ್ನ ಹತ್ತಿರ ಏನೂ ಸಿದ್ಧವಿರಲಿಲ್ಲ. "ಸುಮ್ನೆ ಮಾಡ್ದೆ ಅಣ್ಣ" ಅಂದೆ. ನಾಲ್ಕು ನಿಮಿಷ ಮಾತಾಡಿದೆವು, ಅವನ ಮಂಡಿ ನೋವಿನ ಬಗ್ಗೆ. ಜಗಳದ ವಿಷಯ ಬರಲೇ ಇಲ್ಲ. ಮುಂದಿನ ವಾರ ಅವನೇ ಫೋನ್ ಮಾಡಿದ.

ಮೂರು ಸಾಲಿನ ನೋಟ್‌ಬುಕ್

ಒಂದು ಸಾದಾ ನೋಟ್‌ಬುಕ್ ಸಾಕು. ಬೆಳಿಗ್ಗೆ ಎರಡು ಸಾಲು ಬರೆಯಿರಿ: ಹಿಡಿದ ಮಾತು, ಮಾಡಬೇಕಾದ ಕೆಲಸ. ಮೂರನೇ ಸಾಲನ್ನು ರಾತ್ರಿಗೆ ಬಿಡಿ. ಪುಟಗಟ್ಟಲೆ ಬರೆಯಲು ಹೋದರೆ ಒಂದು ತಿಂಗಳಲ್ಲಿ ನಿಂತುಹೋಗುತ್ತದೆ.

ರಾತ್ರಿಯ ಹತ್ತು ನಿಮಿಷ

ಇದಕ್ಕೆ ಆತ್ಮಶೋಧನೆ ಅನ್ನುತ್ತಾರೆ. ಇದನ್ನು ಐದು ಹೆಜ್ಜೆಗಳಲ್ಲಿ ಕಲಿಸಿದ ಇಗ್ನೇಷಿಯಸರ ಕಥೆ ಇಲ್ಲಿ ಹೇಳಲೇಬೇಕು. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಲೊಯೊಲಾದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದರು. ಓದಲು ವೀರರ ಕಥೆ ಕೇಳಿದರು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತರ ಜೀವನ ಮತ್ತು ಸಂತರ ಚರಿತ್ರೆ. ಹಾಸಿಗೆಯಲ್ಲಿ ಮಲಗಿ ಒಮ್ಮೆ ಹಳೆಯ ಕನಸು ಕಾಣುವರು, ಯುದ್ಧ, ಅರಮನೆ, ಹೆಸರು. ಒಮ್ಮೆ ಸಂತರ ಹಾಗೆ ಬದುಕುವ ಕನಸು ಕಾಣುವರು. ಕಾಣುವಾಗ ಎರಡೂ ಸಿಹಿ. ಆದರೆ ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸುತ್ತಿತ್ತು, ಎರಡನೆಯದು ಖುಷಿಯನ್ನು ಉಳಿಸುತ್ತಿತ್ತು. ಒಂದು ದಿನ ಈ ವ್ಯತ್ಯಾಸ ಅವರ ಗಮನಕ್ಕೆ ಬಂತು. ಅಲ್ಲಿಂದಲೇ ಅವರ ದಾರಿ ತಿರುಗಿದ್ದು.

ರಾತ್ರಿ ನಾವು ನೋಡಬೇಕಾದ್ದೂ ಆ ಉಳಿದ ರುಚಿಯನ್ನೇ. ಮೊದಲು ದಿನಕ್ಕಾಗಿ ದೇವರಿಗೆ ವಂದನೆ ಹೇಳಿ, ಒಂದೆರಡು ವಿಷಯಗಳ ಹೆಸರು ಹಿಡಿದು ಹೇಳಿ. ಸತ್ಯ ನೋಡಲು ಬೆಳಕು ಕೇಳಿ. ಆಮೇಲೆ ಬೆಳಗಿನಿಂದ ಗಂಟೆ ಗಂಟೆಯಾಗಿ ಹಿಂದೆ ತಿರುಗಿ ನೋಡಿ: ಎಲ್ಲಿ ಮನಸ್ಸು ಬಿಚ್ಚಿಕೊಂಡಿತು, ಎಲ್ಲಿ ಮುಚ್ಚಿಕೊಂಡಿತು? ಬೆಳಗಿನ ಆ ಮಾತು ಯಾವ ಹೊತ್ತಿಗೆ ನೆನಪಾಯಿತು? ತಪ್ಪಿದ್ದಕ್ಕೆ ಕ್ಷಮೆ ಕೇಳಿ. ನಾಳೆಗೆ ಸಹಾಯ ಕೇಳಿ. ನೋಟ್‌ಬುಕ್ಕಿನ ಮೂರನೇ ಸಾಲು ಬರೆಯಿರಿ, "ಮಾಡಿದೆ", "ಮರೆತೆ", "ಬಾಯಿಗೆ ಬಂತು, ಹೇಳಲಿಲ್ಲ", ಏನಿದೆಯೋ ಅದು.

ಈ ಸಾಲುಗಳು ಪಾಪನಿವೇದನೆಗೂ ಉಪಯೋಗಕ್ಕೆ ಬರುತ್ತವೆ. ತಿಂಗಳ ಕೊನೆಗೆ ತಿರುವಿ ನೋಡಿದರೆ ಎಲ್ಲಿ ಪದೇ ಪದೇ ಎಡವುತ್ತಿದ್ದೀರಿ ಅಂತ ಕಾಣುತ್ತದೆ. ಒಂದು ಮಾತು: ಚಿಕ್ಕ ಚಿಕ್ಕ ತಪ್ಪಿಗೂ ನಿದ್ದೆಗೆಡುವ ಸ್ವಭಾವ ನಿಮ್ಮದಾದರೆ, ಈ ಶೋಧನೆಯಲ್ಲಿ ವಂದನೆಗೆ ಜಾಸ್ತಿ ಹೊತ್ತು ಕೊಡಿ, ತಪ್ಪು ಹುಡುಕುವುದಕ್ಕೆ ಕಮ್ಮಿ. ನಂಬಿಕೆಯಿರುವ ಒಬ್ಬ ಗುರುಗಳಿಗೆ ವಿಷಯ ತಿಳಿಸಿ.

ಒಣ ದಿನಗಳು, ಕಷ್ಟದ ವಾಚನಗಳು

ಏನೂ ಆಗದ ದಿನಗಳು ಬರುತ್ತವೆ. ವಾರಗಳೂ ಬರುತ್ತವೆ. ಸಾಲುಗಳು ಸುಮ್ಮನೆ ಸಾಲುಗಳಾಗಿ ಕಾಣುತ್ತವೆ. ಕಲ್ಕತ್ತದ ಸಂತ ಮದರ್ ತೆರೇಸಾ ದಶಕಗಳ ಕಾಲ ಪ್ರಾರ್ಥನೆಯಲ್ಲಿ ಕತ್ತಲೆಯನ್ನೇ ಅನುಭವಿಸಿದರು ಅಂತ ಅವರ ಪತ್ರಗಳಿಂದ ತಿಳಿಯಿತು. ಆದರೂ ಅವರು ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂತರು, ಆಮೇಲೆ ಬಡವರ ಬಳಿಗೆ ಹೋದರು. ಇಗ್ನೇಷಿಯಸರ ಸಲಹೆ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ: ಮನಸ್ಸು ಒಣಗಿರುವಾಗ, ಅದು ಚೆನ್ನಾಗಿದ್ದಾಗ ಮಾಡಿದ ನಿರ್ಧಾರವನ್ನು ಬದಲಾಯಿಸಬೇಡಿ. ಹದಿನೈದು ನಿಮಿಷ ಅಂತ ಇಟ್ಟಿದ್ದರೆ ಹದಿನೈದು ನಿಮಿಷ ಕೂತುಕೊಳ್ಳಿ. ಅಂಥ ದಿನ ನಾನು ಕೀರ್ತನೆಯನ್ನು ಮಾತ್ರ ಬಾಯಿಬಿಟ್ಟು ಓದಿ, ಅದನ್ನೇ ನನ್ನ ಪ್ರಾರ್ಥನೆ ಅಂತ ಒಪ್ಪಿಸಿಬಿಡುತ್ತೇನೆ.

ಇನ್ನು ಕೆಲವು ವಾಚನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಪಾಪಕ್ಕೆ ಕಾರಣವಾದರೆ ಕೈಯನ್ನು ಕತ್ತರಿಸಿ ಹಾಕು, ತಂದೆ ತಾಯಿಯನ್ನು ದ್ವೇಷಿಸದೆ ನನ್ನ ಶಿಷ್ಯನಾಗಲಾರೆ. ಇವನ್ನು ಅಕ್ಷರಕ್ಕೆ ಅಕ್ಷರ ಹಿಡಿಯಲೂಬಾರದು, ಅಯ್ಯೋ ಇದು ನಮಗಲ್ಲ ಅಂತ ದಾಟಲೂಬಾರದು. 1965ರಲ್ಲಿ ಮಹಾಸಭೆ ಹೊರತಂದ ದೈವಪ್ರಕಟಣೆಯ ಶಾಸನ ದಾರಿ ತೋರಿಸುತ್ತದೆ: ಬರೆದವರು ಏನು ಹೇಳಲು ಹೊರಟಿದ್ದರು, ಯಾವ ಬಗೆಯ ಬರಹ ಅದು ಅಂತ ನೋಡಬೇಕು. ಜೊತೆಗೆ ಇಡೀ ಗ್ರಂಥದ ಬೆಳಕಿನಲ್ಲಿ, ಧರ್ಮಸಭೆಯ ಜೀವಂತ ಪರಂಪರೆಯ ಒಳಗೆ ಓದಬೇಕು. ಉದಾಹರಣೆಗೆ, ಆ ದ್ವೇಷದ ಮಾತು ಲೂಕ 14ರಲ್ಲಿದೆ. ಅದೇ ಬಗೆಯ ಮಾತು ಮತ್ತಾಯ 10ರಲ್ಲಿ, ತಂದೆ ತಾಯಿಯನ್ನು ನನಗಿಂತ ಹೆಚ್ಚಾಗಿ ಪ್ರೀತಿಸುವವನು ಅಂತ ಬರುತ್ತದೆ. ಪಕ್ಕಪಕ್ಕ ಇಟ್ಟರೆ ತಿಳಿಯಾಗುತ್ತದೆ. ಆದರೂ ಬಿಡಿಸಲಾಗದಿದ್ದರೆ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದಿಟ್ಟು ಪೂಜೆ ಮುಗಿದ ಮೇಲೆ ಫಾದರ್ ಅವರನ್ನು ಕೇಳಿ. ಇಂಥ ಪ್ರಶ್ನೆ ಕೇಳಿಸಿಕೊಳ್ಳಲು ಅವರಿಗೆ ನಿಜಕ್ಕೂ ಖುಷಿಯಾಗುತ್ತದೆ.

ಅದೇ ಶಾಸನದಲ್ಲಿ, ಬೈಬಲ್ಲನ್ನು ಲತೀನಿಗೆ ತಂದ ಸಂತ ಜೆರೋಮರ ಮಾತಿದೆ: ಪವಿತ್ರ ಗ್ರಂಥವನ್ನು ಅರಿಯದಿರುವುದೆಂದರೆ ಕ್ರಿಸ್ತರನ್ನೇ ಅರಿಯದಿರುವುದು. ಪೋಪ್ ಫ್ರಾನ್ಸಿಸ್ ಅವರು ಸಾಧಾರಣ ಕಾಲದ ಮೂರನೇ ಭಾನುವಾರವನ್ನು ದೇವರ ವಾಕ್ಯದ ಭಾನುವಾರ ಅಂತ ಗೊತ್ತು ಮಾಡಿದ ಪತ್ರವನ್ನು ಹೊರಡಿಸಿದ್ದೂ ಜೆರೋಮರ ಹಬ್ಬದ ದಿನವೇ, 2019ರ ಸೆಪ್ಟೆಂಬರ್ 30ರಂದು.

ಭಾನುವಾರಕ್ಕೆ ಮುಂಚೆ, ಮನೆಯವರ ಜೊತೆ

ಒಬ್ಬರೇ ಧ್ಯಾನಿಸಿದ್ದು ಪೀಠದ ಹತ್ತಿರ ಬರಬೇಕು. ಭಾನುವಾರದ ಶುಭಸಂದೇಶವನ್ನು ಗುರುವಾರ ಅಥವಾ ಶುಕ್ರವಾರವೇ ಒಮ್ಮೆ ಓದಿಡಿ. ಭಾನುವಾರ ಅದನ್ನು ಕೇಳುವಾಗ ಪರಿಚಯದವರ ದನಿ ಕೇಳಿದ ಹಾಗೆ ಕಿವಿ ನಿಮಿರುತ್ತದೆ. ಪ್ರಬೋಧನೆ ಸಪ್ಪೆಯಾದರೂ ನಿಮ್ಮ ಕೈ ಖಾಲಿ ಇರುವುದಿಲ್ಲ. ಪುನರುತ್ಥಾನರಾದ ಯೇಸುವನ್ನು ಗುರುತಿಸದೆ ಅವರ ಜೊತೆ ಎಮ್ಮಾವುಸ್ ಊರಿಗೆ ನಡೆದ ಇಬ್ಬರು ಶಿಷ್ಯರಿಗೆ ಆದದ್ದೂ ಇದೇ ಕ್ರಮದಲ್ಲಿ: ದಾರಿಯುದ್ದಕ್ಕೂ ಪವಿತ್ರ ಗ್ರಂಥದ ಮಾತು, ಎದೆ ಉರಿಯುವುದು, ಆಮೇಲೆ ರೊಟ್ಟಿ ಮುರಿಯುವಾಗ ಕಣ್ಣು ತೆರೆಯುವುದು.

ಮನೆಯಲ್ಲಿ ಮಕ್ಕಳಿದ್ದರೆ ಪಾಠ ಮಾಡಬೇಡಿ. ರಾತ್ರಿ ಪ್ರಾರ್ಥನೆಯ ಹೊತ್ತಿಗೆ ಆ ದಿನದ ಶುಭಸಂದೇಶ ಓದಿ ಒಂದೇ ಪ್ರಶ್ನೆ ಕೇಳಿ: "ಈ ಕಥೆಯಲ್ಲಿ ನೀನು ಯಾರಾಗಿರ್ತಿದ್ದೆ?" ಉತ್ತರ ಏನೇ ಬರಲಿ, ತಿದ್ದಬೇಡಿ. ಬಾರ್ತಿಮಾಯನ ಕಥೆ ಕೇಳಿ ನಮ್ಮ ಮನೆಯ ಚಿಕ್ಕವಳು "ನಾನು ಆ ಬಟ್ಟೆ ಎತ್ತಿಟ್ಟುಕೊಳ್ಳೋಳು, ಅವನು ವಾಪಸ್ ಬಂದ್ರೆ ಬೇಕಲ್ವಾ" ಅಂದಳು. ಮಾರನೇ ದಿನದ ನನ್ನ ಕೆಲಸ ಅದರಿಂದಲೇ ಸಿಕ್ಕಿತು.

ದಿನ ತಪ್ಪಿದರೆ

ತಪ್ಪುತ್ತದೆ. ಜ್ವರ, ಪ್ರಯಾಣ, ಇಲ್ಲಾ ಬರೀ ಸೋಮಾರಿತನ. ಹತ್ತು ದಿನ ಹೋದರೆ ಹತ್ತು ದಿನದ್ದನ್ನೂ ಸೇರಿಸಿ ಓದಲು ಹೋಗಬೇಡಿ. ಅದು ಸಾಲ ತೀರಿಸಿದ ಹಾಗಾಗುತ್ತದೆ, ಪ್ರಾರ್ಥನೆ ಆಗುವುದಿಲ್ಲ. ಕ್ಯಾಲೆಂಡರ್ ನೋಡಿ, ಇವತ್ತಿನ ವಾಚನ ಯಾವುದೋ ಅದನ್ನು ತೆರೆಯಿರಿ. ಶುರು ಮಾಡುವ ಮುಂಚೆ "ಸ್ವಾಮಿ, ಬಂದೆ" ಅನ್ನಿ, ಅಷ್ಟು ಸಾಕು.

ಇವತ್ತು ರಾತ್ರಿ ಮಲಗುವ ಮುಂಚೆ ಒಂದು ಕೆಲಸ ಮಾಡಿಟ್ಟುಕೊಳ್ಳಿ. ನಾಳೆಯ ಶುಭಸಂದೇಶದ ಪುಟ ಹುಡುಕಿ, ದಾರ ಇಟ್ಟು, ಬೈಬಲ್ಲನ್ನು ನೀವು ಕೂರುವ ಕುರ್ಚಿಯ ಮೇಲೆಯೇ ಇಡಿ. ನೋಟ್‌ಬುಕ್ ಅದರ ಮೇಲೆ, ಪೆನ್ನು ನೋಟ್‌ಬುಕ್ಕಿನ ಮೇಲೆ. ಫೋನ್ ಇನ್ನೊಂದು ಕೋಣೆಯಲ್ಲಿ.